ಸಹಾಯ ಬೇಕು: ‘ಬ್ಯಾಂಕ್’ ಒಂದು ಪದವೋ, ಎರಡೋ?

ಎಲ್ಲರಿಗೂ ನಮಸ್ಕಾರ. ಗದಗ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ನಾನು, ಮಕ್ಕಳಿಗಾಗಿ ಚಿಕ್ಕದೊಂದು ಪದಕೋಶ ಸಿದ್ಧಪಡಿಸುತ್ತಿದ್ದು, ‘ಬ್ಯಾಂಕ್’ ಎಂಬಲ್ಲಿ ಬಂದು ನಿಂತಿದ್ದೇನೆ. ಎಂಟನೆಯ ತರಗತಿಯ ಹುಡುಗನೊಬ್ಬ ‘ರಿವರ್ ಬ್ಯಾಂಕ್’, ಅಂದರೆ ನದಿಯ ಅಂಚಿನ ಇಳಿಜಾರು, ಎಂಬುದಕ್ಕೆ ‘ಹೊಳಿ ಬ್ಯಾಂಕು’ ಎಂದು ಬರೆದು, ಪಕ್ಕದಲ್ಲಿ ಪಾಸ್‌ಬುಕ್ಕಿನ ಚಿತ್ರವನ್ನೂ ಬಿಡಿಸಿದ್ದ. 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ ಕಣಗಿನಹಾಳ ನಮ್ಮ ತಾಲ್ಲೂಕಿನಲ್ಲೇ ಇರುವಾಗ ಅವನನ್ನು ಬೈಯುವುದಾದರೂ ಹೇಗೆ!

ಹಣದ ಬ್ಯಾಂಕು ಇಟಾಲಿಯನ್ನಿನ ‘ಬಾಂಕಾ’ದಿಂದ, ಅಂದರೆ ಹಣ ಬದಲಿಸುವವರು ಮುಂದಿಟ್ಟುಕೊಂಡು ಕೂರುತ್ತಿದ್ದ ಮೇಜಿನಿಂದ, ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದದ್ದು; ದಿವಾಳಿಯಾದವನನ್ನು ಸೂಚಿಸುವ ‘ಬ್ಯಾಂಕ್ರಪ್ಟ್’ ಕೂಡ ‘ಮುರಿದ ಮೇಜು’ ಎಂಬ ಇಟಾಲಿಯನ್ ಮಾತಿನಿಂದಲೇ ಹುಟ್ಟಿದೆ. ನದಿಯ ಬ್ಯಾಂಕು ಇಂಗ್ಲಿಷಿನಲ್ಲಿ ಅದಕ್ಕಿಂತ ಹಳೆಯದು, ಸ್ಕ್ಯಾಂಡಿನೇವಿಯನ್ ಭಾಷೆಗಳ ಕಡೆಯಿಂದ ಬಂದದ್ದು. ಆದರೆ ಇನ್ನೂ ಹಿಂದಕ್ಕೆ ಹೋದರೆ ಇವೆರಡೂ ‘ಬೆಂಚ್’ ಪದದ ಜರ್ಮ್ಯಾನಿಕ್ (ಇಂಗ್ಲಿಷ್, ಜರ್ಮನ್ ಮುಂತಾದವು ಸೇರಿದ ಭಾಷಾ ಕುಟುಂಬದ) ಮೂಲವನ್ನೇ ಸೇರುತ್ತವೆ. ಬ್ಲಡ್ ಬ್ಯಾಂಕ್ 1937ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಹೆಸರು, ಅದರಲ್ಲಿ ತೊಡಕಿಲ್ಲ.

ಹೀಗಿರುವಾಗ ಇವನ್ನು ಒಂದೇ ನಮೂದಿನ ಕೆಳಗೆ ಕೊಡಬೇಕೋ, ಎರಡಾಗಿ ಬಿಡಿಸಬೇಕೋ ಎಂಬುದನ್ನು ಕೋಶರಚನೆಯ ಅನುಭವವಿರುವವರು ದಯವಿಟ್ಟು ತಿಳಿಸಬೇಕು. ಬಿಡಿಸುವುದೇ ಮಕ್ಕಳಿಗೆ ಸುಲಭ ಎಂದು ನನ್ನ ಅನಿಸಿಕೆ. ಜೊತೆಗೆ, ಹಾವೇರಿ ಕಡೆಯ ವರದಾ, ತುಂಗಭದ್ರಾ ತೀರದ ಊರುಗಳವರು ನೀರಿಗೆ ಇಳಿಯುವ ಆ ಇಳಿಜಾರಿಗೆ ದಂಡೆ, ದಡ, ಒಡ್ಡು ಇವುಗಳಲ್ಲಿ ಯಾವುದನ್ನು ಬಳಸುತ್ತೀರಿ ಎಂದು ಬರೆದರೆ ಉಪಕಾರವಾಗುತ್ತದೆ.