ಸಹಾಯ ಬೇಕು: ಶಟಲ್ ಆಡಿದ ರಾತ್ರಿ ನಿದ್ದೆ ಹತ್ತಿರ ಸುಳಿಯುವುದಿಲ್ಲ

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ಊರು ಮೈಸೂರು. ಮೂರು ತಿಂಗಳಿಂದ ವಾರಕ್ಕೆ ಮೂರು ದಿನ ಶಟಲ್ ಆಡುತ್ತಿದ್ದೇನೆ. ಕೋರ್ಟ್ ಸಿಗುವುದೇ ರಾತ್ರಿ 8.30ರಿಂದ 9.30ರವರೆಗೆ. ಆಡದ ದಿನ ಹನ್ನೊಂದಕ್ಕೆ ತಲೆ ಇಟ್ಟರೆ ಸಾಕು, ಗೊರಕೆ. ಆಡಿದ ದಿನ ಎರಡು ಗಂಟೆಯಾದರೂ ಕಣ್ಣು ಹತ್ತುವುದಿಲ್ಲ.

ಮೈಯೆಲ್ಲ ಸುಸ್ತು, ನಿಜ. ಆದರೆ ದಿಂಬಿಗೆ ಕಿವಿ ಇಟ್ಟರೆ ಎದೆ ಢವಢವ ಅನ್ನುವುದು ಕೇಳುತ್ತದೆ. ಅಂಗಾಲು ಬಿಸಿ. ಹೊದಿಕೆ ಒದೆಯುತ್ತೇನೆ, ಹತ್ತು ನಿಮಿಷಕ್ಕೆ ಮತ್ತೆ ಎಳೆದುಕೊಳ್ಳುತ್ತೇನೆ. ಕೊನೆಯ ಸ್ಮ್ಯಾಶ್ ಯಾಕೆ ನೆಟ್‌ಗೆ ಹೋಯಿತು ಅಂತ ತಲೆಯೊಳಗೆ ಲೆಕ್ಕಾಚಾರ ಬೇರೆ! "ಇದಕ್ಕಿಂತ ನಿಮ್ಮ ಹಳೇ ಹೊಟ್ಟೆಯೇ ವಾಸಿಯಾಗಿತ್ತು ಕಣ್ರೀ" ಅಂತಾಳೆ ಹೆಂಡತಿ.

ನಿದ್ದೆ ಬರಬೇಕಾದರೆ ಮೈ ಒಳಗಿನ ಬಿಸಿ ಸ್ವಲ್ಪ ಇಳಿಯಬೇಕಂತೆ. ಜೋರಾಗಿ ಆಡಿದರೆ ಅದು ಏರುತ್ತದಲ್ವಾ? ಅದಕ್ಕೇ ಬಂದ ತಕ್ಷಣ ತಣ್ಣೀರು ಸುರಿದುಕೊಂಡೆ. ಇದ್ದ ತೂಕಡಿಕೆಯೂ ಹಾರಿಹೋಯಿತು. ಆಟಕ್ಕೆ ಮುಂಚೆ 7 ಗಂಟೆಗೆ ಕುಡಿಯುತ್ತಿದ್ದ ಫಿಲ್ಟರ್ ಕಾಫಿ ಬಿಟ್ಟು ಎರಡು ವಾರವಾಯಿತು. ಅದರಿಂದ ಅರ್ಧ ಗಂಟೆ ಉಳಿದಿರಬಹುದು, ಅಷ್ಟೇ. ಬಿಪಿ ನೋಡಿಸಿದೆ, ಸರಿಯಾಗಿದೆ.

ಈಗ ಉಳಿದಿರುವ ಅನುಮಾನ ಊಟದ ಮೇಲೆ. ಹತ್ತೂಕಾಲಿಗೆ ಹಸಿವು ತಡೆಯದೆ ಎರಡು ಮುದ್ದೆ, ಬಸ್ಸಾರು ಇಳಿಸಿಬಿಡುತ್ತೇನೆ.

ರಾತ್ರಿ ಆಡುವವರು ಯಾರಾದರೂ ಇದ್ದರೆ ಹೇಳಿ. ಊಟ ಆಟಕ್ಕೆ ಮುಂಚೆಯೇ ಮುಗಿಸುತ್ತೀರಾ? ಬಿಸಿನೀರಿನ ಸ್ನಾನ ಉಪಯೋಗವಾಗುತ್ತದಾ? ಬೆಳಗ್ಗೆ ಆಡಿ ಅನ್ನಬೇಡಿ, ಮಗಳ ಸ್ಕೂಲ್ ವ್ಯಾನ್ 7.10ಕ್ಕೆ. ಆಟ ಬಿಡಿ ಅಂತಲೂ ಅನ್ನಬೇಡಿ, ಈಗಷ್ಟೇ ಬ್ಯಾಕ್‌ಹ್ಯಾಂಡ್ ಕೂರುತ್ತಿದೆ.