ಮಳೆ ಆದಮೇಲೆ ಹಾರ್ನ್ ಬಂದ್, ಹೊಸದು ಹಾಕಿಸಲೇ?

ಪ್ರಶ್ನೆ (ಗದಗ): ಅಣ್ಣಾರೇ, ಮೊನ್ನೆ ಜೋರು ಮಳೆಯಲ್ಲಿ ಕಾರು ಓಡಿಸಿದ್ದೆ. ಅವತ್ತಿನಿಂದ ಹಾರ್ನ್ ಬಾರಿಸುತ್ತಿಲ್ಲ. ಲೈಟು, ವೈಪರ್ ಸರಿ ಇವೆ. ಅಂಗಡಿಯವರು ಎರಡೂ ಹಾರ್ನ್ ಬದಲಿಸಿ ಅಂತಾರೆ. ಭಾನುವಾರ ಮನೆಮಂದಿ ಜೊತೆ ಅಂಕೋಲಾಕ್ಕೆ ಹೊರಟಿದ್ದೇವೆ.

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಹುಬ್ಬಳ್ಳಿ): ಈಗಲೇ ಬೇಡ್ರಿ. ಎರಡೂ ಹಾರ್ನ್ ಒಂದೇ ದಿನ ಕೆಡೋದು ಕಡಿಮೆ. ಕರೆಂಟ್ ಎಲ್ಲಿವರೆಗೆ ಬರುತ್ತಿದೆ ನೋಡೋಣ. ಇಂಜಿನ್ ಬಂದ್ ಇರಲಿ, ಕೀ ಆನ್ ಮಾಡಿ. ಒಬ್ಬರು ಹಾರ್ನ್ ಒತ್ತಲಿ, ನೀವು ಫ್ಯೂಸ್ ಬಾಕ್ಸ್ ಹತ್ತಿರ ಕಿವಿ ಕೊಡಿ. ರಿಲೇ (ಹಾರ್ನ್ ಒತ್ತಿದಾಗ ಅದಕ್ಕೆ ಕರೆಂಟ್ ಬಿಡುವ ಪುಟ್ಟ ಸ್ವಿಚ್ ಡಬ್ಬಿ) 'ಟಿಕ್' ಅಂದರೆ ಸ್ಟೀರಿಂಗ್ ಕಡೆ ಸರಿ ಇದೆ. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್ ನೋಡಿ. ಜಾಸ್ತಿ ಗಾಡಿಗಳಲ್ಲಿ 10 ಇಲ್ಲವೇ 15 ಆಂಪಿಯರ್ ಇರುತ್ತದೆ. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ದು ಹಾಕಿ. ದೊಡ್ಡದು ಹಾಕಿದರೆ ಫ್ಯೂಸ್ ಉಳಿದು ವೈರ್ ಸುಡುತ್ತದೆ. ಆಮೇಲೆ ಅದೇ ನಂಬರಿನ ಬೇರೆ ರಿಲೇ ಕಿತ್ತು ಇಲ್ಲಿ ಹಾಕಿ ನೋಡಿ.

ಒಂದು ಮಾತು. ಅಂಕೋಲಾ ದಾರಿಯ ಅರಬೈಲ್ ಘಾಟ್‌ನ ತಿರುವುಗಳಲ್ಲಿ ಎದುರಿನ ಲಾರಿ ಕಾಣೋದಿಲ್ಲ. ಹಾರ್ನ್ ಸರಿಯಾಗದೆ ಹೊರಡಬೇಡಿ.

ಪ್ರಶ್ನೆ (ಗದಗ): ಟಿಕ್ ಅನ್ನುತ್ತಿದೆ ಅಣ್ಣಾ. ಫ್ಯೂಸ್ ಸರಿ ಇದೆ, ರಿಲೇ ಬದಲಿಸಿದರೂ ಅಷ್ಟೇ.

ಉತ್ತರ: ಹಾಗಾದರೆ ಗ್ರಿಲ್ ಹಿಂದೆ ಹಾರ್ನ್ ಹತ್ತಿರ ಹೋಗಿ. ಕನೆಕ್ಟರ್ ಬಿಚ್ಚಿ ಒಳಗೆ ನೋಡಿ. ಮಳೆ ನೀರು ನಿಂತು ಪಿನ್ನಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಟೆಸ್ಟ್ ಲ್ಯಾಂಪ್ (ಕರೆಂಟ್ ಇದ್ದರೆ ಹತ್ತುವ ಚಿಕ್ಕ ದೀಪ) ತಗೊಂಡು ಅದರ ಕ್ಲಿಪ್ ಬ್ಯಾಟರಿ ಮೈನಸ್‌ಗೆ ಸಿಕ್ಕಿಸಿ, ಮೊನೆ ಪ್ಲಸ್ ಪಿನ್ನಿಗೆ ಹಿಡಿದು ಹಾರ್ನ್ ಒತ್ತಿಸಿ. ಲ್ಯಾಂಪ್ ಹತ್ತದಿದ್ದರೆ ನಡುವಿನ ವೈರ್ ಎಲ್ಲೋ ಕಡಿದಿದೆ. ಹತ್ತಿದರೆ ಈಗ ಕ್ಲಿಪ್ಪನ್ನು ಪಕ್ಕದ ಅರ್ತ್ (ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ) ಪಿನ್ನಿಗೆ ಹಾಕಿ. ಆಗ ಆರಿದರೆ ಅರ್ತ್ ಕೆಟ್ಟಿದೆ. ಒಂದೇ ಪಿನ್ ಇರುವ ಹಾರ್ನ್ ಆದರೆ ಅದನ್ನು ಕಾರಿನ ಲೋಹದ ಮೈಗೆ ಕೂರಿಸಿದ ಬೋಲ್ಟೇ ಅರ್ತ್. ಅದನ್ನು ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಿ. ನಿಮ್ಮ ಗಾಡಿಯಲ್ಲಿ ನನಗೆ ಅನುಮಾನ ಇರೋದು ಈ ಅರ್ತ್ ಮೇಲೇ. ಇವೆಲ್ಲ ಸರಿ ಇದ್ದೂ ಬಾರಿಸದಿದ್ದರೆ ಮಾತ್ರ ಹೊಸ ಹಾರ್ನ್ ತಗೊಳ್ಳಿ.

ಪ್ರಶ್ನೆ (ಹಾವೇರಿ): ಸರ್, ನಮ್ಮ ಗಾಡಿಯಲ್ಲಿ ಟಿಕ್ಕೂ ಇಲ್ಲ. ಏರ್‌ಬ್ಯಾಗ್ ಲೈಟ್ ಬೇರೆ ಹತ್ತಿದೆ. ಸ್ಟೀರಿಂಗ್ ಮೇಲಿನ ವಾಲ್ಯೂಮ್ ಬಟನ್ನೂ ನಡೆಯುತ್ತಿಲ್ಲ.

ಉತ್ತರ: ಮೂರೂ ಒಟ್ಟಿಗೆ ಹೋಗಿದ್ದರೆ ಬಹುಶಃ ಕ್ಲಾಕ್ ಸ್ಪ್ರಿಂಗ್ ಹೋಗಿದೆ. ಸ್ಟೀರಿಂಗ್ ತಿರುಗಿದರೂ ಕರೆಂಟ್ ತಪ್ಪದಂತೆ ಒಳಗೆ ಸುತ್ತಿರುವ ಪಟ್ಟಿ ಕೇಬಲ್ ಅದು. ದಯವಿಟ್ಟು ನೀವು ಬಿಚ್ಚಬೇಡಿ. ಏರ್‌ಬ್ಯಾಗ್ ಒಳಗೆ ಸಿಡಿಯುವ ಮದ್ದು ಇರುತ್ತದೆ, ಮುಖಕ್ಕೇ ಹೊಡೆಯುತ್ತದೆ. ನಾವೂ ಬ್ಯಾಟರಿ ಕಳಚಿ, ಸ್ವಲ್ಪ ಹೊತ್ತು ಬಿಟ್ಟೇ ಕೈ ಹಾಕೋದು. ಈಗ ಅಪಘಾತವಾದರೆ ಏರ್‌ಬ್ಯಾಗ್ ತೆರೆಯದೇ ಇರಬಹುದು. ಅದಕ್ಕೇ ತಡ ಮಾಡದೆ ಏರ್‌ಬ್ಯಾಗ್ ಕೆಲಸ ಗೊತ್ತಿರೋರ ಹತ್ತಿರ ತೋರಿಸಿ.