ಸಹಾಯ ಬೇಕು: ಕಲ್ಲಿಗೆ ಹೊಳಪು ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ್ರೀ. ನಾನು ವಿಜಯಪುರದವನು. ಡೋಣಿ ನದಿ ದಂಡೆಯಲ್ಲಿ ಆರಿಸಿ ತಂದ ಅಗೇಟ್ (ಪಟ್ಟೆ ಪಟ್ಟೆಯ ಗಟ್ಟಿ ಕಲ್ಲು) ಕಲ್ಲುಗಳನ್ನು ಪಾಲಿಶ್ ಮಾಡುವ ಹುಚ್ಚು ಹತ್ತಿದೆ. ಮನೆಯವರ ಲೆಕ್ಕದಲ್ಲಿ ಅವು ಸುಮ್ನೆ ಕಲ್ಲು, ಬಿಡಿ.

ಸಣ್ಣ ಟಂಬ್ಲರ್ ಇದೆ, ಅಂದರೆ ಡ್ರಮ್ಮಿನಲ್ಲಿ ಕಲ್ಲು ಉರುಳಿಸಿ ಉಜ್ಜುವ ಯಂತ್ರ. ಡ್ರಮ್ಮಿಗೆ ಮುಕ್ಕಾಲು ಭಾಗ ಕಲ್ಲು, ನೀರು, ಕಲ್ಲು ಉಜ್ಜುವ ಸಿಲಿಕಾನ್ ಕಾರ್ಬೈಡ್ ಪುಡಿ. ಮೊದಲು 80 ನಂಬರ್, ಆಮೇಲೆ 220, 500 (ನಂಬರ್ ಹೆಚ್ಚಾದಷ್ಟೂ ಪುಡಿ ನುಣುಪು), ಕೊನೆಗೆ ಹೊಳಪಿಗೆ ಅಲ್ಯೂಮಿನಿಯಂ ಆಕ್ಸೈಡ್ ಪುಡಿ. ಒಂದೊಂದಕ್ಕೂ ಒಂದು ವಾರ. ಹಗಲು ರಾತ್ರಿ ಗರಗರ ಸದ್ದು. ಇಷ್ಟಾದರೂ ಒದ್ದೆ ಇದ್ದಾಗ ಮಿಂಚುವ ಕಲ್ಲು ಒಣಗಿದ ಮೇಲೆ ಮಂಕು. ಗೀರುಗಳೂ ಕಾಣುತ್ತವೆ.

ಒಂದು ತಪ್ಪು ನನ್ನದೇ. ಕ್ಯಾಲ್ಸೈಟ್ ಅನ್ನೋ ಮೆತ್ತನೆ ಕಲ್ಲಿನ ಎರಡು ತುಂಡು ಸೇರಿಸಿಬಿಟ್ಟಿದ್ದೆ. 1ರಿಂದ 10ರ ಮೋಸ್ ಅಳತೆಯಲ್ಲಿ ಅಗೇಟಿನ ಗಡಸುತನ 7ರ ಹತ್ತಿರ, ಕ್ಯಾಲ್ಸೈಟಿನದು 3. ಸವೆದು ಮಾಯವೇ ಆದವು! ಈಗ ಬರೀ ಅಗೇಟ್ ಹಾಕಿದರೂ ಅದೇ ಕತೆ. ಡ್ರಮ್ಮಿನ ಅಂಚಿನಲ್ಲಿ ಹಳೇ ಪುಡಿ ಉಳಿಯುತ್ತಿದೆ ಅಂತ ಅನುಮಾನ. ನೀವು ಪ್ರತಿ ಸಲ ಹೇಗೆ ತೊಳೆಯುತ್ತೀರಿ?

ಇನ್ನೊಂದು. ಆನ್‌ಲೈನ್‌ನಲ್ಲಿ ಪುಡಿ ಜಾಸ್ತಿ ತುಟ್ಟಿ. ಇಳಕಲ್ಲಿನ ಗ್ರಾನೈಟ್ ಪಾಲಿಶ್‌ನವರ ಹತ್ತಿರ ಅಥವಾ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಕಿಲೋ ಲೆಕ್ಕದಲ್ಲಿ ಬಿಡಿಯಾಗಿ ಸಿಗುತ್ತಾ? 500 ನಂಬರ್ ಮುಗಿಯುತ್ತಾ ಬಂದಿದೆ. ಗೊತ್ತಿದ್ದವರು ದಯವಿಟ್ಟು ತಿಳಿಸಿರಿ.